ಗಿರಿಜಕ್ಕನ ಮೂಗು

ಮೊನ್ನೆ ಮಧ್ಯಾಹ್ನ ಊಟಕ್ಕೆ ಕೂತು ಮಿಡಿ ಉಪ್ಪಿನಕಾಯಿ ಬಾಟಲಿಯ ಮುಚ್ಚಳದ ಜೊತೆ ಗುದ್ದಾಡುತ್ತಿದ್ದಾಗ ತಂಗಿಯ ಮೆಸೇಜು ಬಂತು. ಗಂಡ, ಮಕ್ಕಳ ಜೊತೆ ಎರಡು ದಿನ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಹೊರಟಿದ್ದಾಳಂತೆ. ನೋಡುವ ಜಾಗಗಳನ್ನೆಲ್ಲ ಹುಡುಕಿಟ್ಟುಕೊಂಡಾಗಿದೆ, ಎಲ್ಲಿ ಏನು ತಿನ್ನಬೇಕೆಂದು ನೀನು ಪಟ್ಟಿ ಮಾಡಿ ಕಳಿಸು, ಆ ಕಡೆ ನಾಲ್ಕು ವರ್ಷ ತಿಂದುಕೊಂಡೇ ಇದ್ದವನಲ್ಲವೇ ಎಂದು ಬರೆದಿದ್ದಳು. ನಡುನಡುವೆ ಕೆಲಸವನ್ನೂ ಮಾಡುತ್ತಿದ್ದೆ ಎಂದು ಉತ್ತರಿಸುವಷ್ಟರಲ್ಲಿ ಮುಚ್ಚಳ ಸಡಿಲಾಯಿತು. ಜೀರಿಗೆಯದ್ದೂ ಅಲ್ಲದ, ಮಾವಿನದ್ದೂ ಅಲ್ಲದ, ಎರಡೂ ಆದ ಒಂದು ವಾಸನೆ ಎದ್ದು ಬಂತು. ಕಲಸಿದ ಅನ್ನ ತಟ್ಟೆಯಲ್ಲೇ ಆರಿತು.

ಆಗ ನಾನು ಜೆರಾಕ್ಸ್ ಮೆಷಿನ್ ರಿಪೇರಿ ಮಾಡುತ್ತಿದ್ದೆ. ಎರಡು ಸಾವಿರದ ನಾಲ್ಕೋ ಐದೋ ಇರಬೇಕು. ತಾಲ್ಲೂಕು ಕಚೇರಿ ಇದ್ದಲ್ಲೆಲ್ಲ ಅದರ ಎದುರಿಗೆ ಜೆರಾಕ್ಸ್ ಅಂಗಡಿಗಳು ಹುಟ್ಟಿಕೊಂಡಿದ್ದ ಕಾಲ. ಆ ಊರುಗಳ ತೇವಕ್ಕೆ ಕಾಗದ ಮೆತ್ತಗಾಗಿ ಮೆಷಿನ್ನಿನ ಹೊಟ್ಟೆಯಲ್ಲಿ ಸಿಕ್ಕಿಕೊಳ್ಳುತ್ತಿತ್ತು, ಎಳೆದು ತೆಗೆಯಲು ಮೂರು ತಾಲ್ಲೂಕಿಗೆ ನಾನೊಬ್ಬನೇ ಡಾಕ್ಟರು. ಹಿರಿಯೂರಿನ ಕಡೆ ಹುಟ್ಟಿ, ಮುದ್ದೆಯೊಂದೇ ಊಟ, ಉಳಿದದ್ದೆಲ್ಲ ತಿಂಡಿ ಎಂದು ನಂಬಿ ಬೆಳೆದವನು ನಾನು. ಕೊಪ್ಪದ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ರೂಮು ಮಾಡಿಕೊಂಡಿದ್ದೆ. ರೂಮಿನ ಎದುರಿಗೇ ಗಿರಿಜಕ್ಕನ ಊಟದ ಮನೆ. ಮುಂದಿನ ಕೋಣೆಯಲ್ಲಿ ಅವಳ ಗಂಡನ ಟೈಲರಿಂಗು, ಹಿಂದಿನ ಕೋಣೆಯಲ್ಲಿ ನಮ್ಮಂಥ ಇಪ್ಪತ್ತು ಮಂದಿಯ ಊಟ. ಹೊಲಿಗೆ ಮೆಷಿನ್ನಿನ ಸದ್ದು ಕೇಳುತ್ತ ತಂಬುಳಿ ಸುರಿದುಕೊಳ್ಳುವುದು ನನಗೆ ಎಷ್ಟು ರೂಢಿಯಾಗಿತ್ತೆಂದರೆ, ಈಗಲೂ ಟೈಲರ್ ಅಂಗಡಿಯ ಮುಂದೆ ಹಾದುಹೋದರೆ ಹಸಿವಾಗುತ್ತದೆ.

ಗಿರಿಜಕ್ಕನಿಗೆ ಐವತ್ತರ ಹತ್ತಿರ. ರುಚಿ ನೋಡಿ ಅಡುಗೆ ಮಾಡುವವಳಲ್ಲ, ಮೂಸಿ ಮಾಡುವವಳು. ಸಾರು ಕುದಿಯುವಾಗ ಪಾತ್ರೆಯ ಮೇಲೆ ಬಗ್ಗಿ ಒಂದು ಸಲ ಉಸಿರೆಳೆದುಕೊಂಡರೆ ಉಪ್ಪು ಕೂಡ ತಿಳಿಯುತ್ತದೆ ಎನ್ನುತ್ತಿದ್ದಳು. ಉಪ್ಪಿಗೆ ಎಲ್ಲಿಯ ವಾಸನೆ ಎಂದು ನಾನು ವಾದ ಮಾಡಿ, ಪ್ರತಿ ಸಲ ಸೋತು, ಎರಡನೆಯ ಸಲ ಅನ್ನ ಹಾಕಿಸಿಕೊಳ್ಳುತ್ತಿದ್ದೆ.

ಆ ವರ್ಷ ದೀಪಾವಳಿಯ ಹೊತ್ತಿಗೆ ಅವಳಿಗೆ ಕೆಟ್ಟದೊಂದು ಜ್ವರ ಬಂತು. ವಾರದಲ್ಲಿ ಎದ್ದು ಓಡಾಡಿದಳು. ಅಡುಗೆಯೂ ಮೊದಲಿನಂತೆಯೇ ಇತ್ತು, ಅಥವಾ ನಮಗೆ ಹಾಗೆನಿಸಿತು. ಒಂದು ದಿನ ನಾನು ಊಟಕ್ಕೆ ಬೇಗ ಹೋದೆ. ಒಲೆಯ ಮೇಲೆ ಹಾಲು ತಳ ಹಿಡಿದು ಸೀದ ವಾಸನೆ ಓಣಿಯವರೆಗೂ ಬರುತ್ತಿತ್ತು. ಗಿರಿಜಕ್ಕ ಒಲೆಯ ಪಕ್ಕದಲ್ಲೇ ನಿಂತು ನಿಶ್ಚಿಂತೆಯಿಂದ ಬೀನ್ಸ್ ಮುರಿಯುತ್ತಿದ್ದಳು. ಹಾಲು ಸೀಯುತ್ತಿದೆ ಎಂದೆ. ಅವಳು ಪಾತ್ರೆ ಇಳಿಸಿ ಮಣೆಯ ಮೇಲೆ ಕೂತುಬಿಟ್ಟಳು.

"ಯಾರಿಗೂ ಹೇಳ್ಬೇಡ ಮಾರಾಯ. ಜ್ವರ ಹೋಗುವಾಗ ನನ್ನ ಮೂಗನ್ನೂ ತಗೊಂಡು ಹೋಯ್ತು. ವಾಸನೆ ಗೊತ್ತಾಗದವಳ ಊಟಕ್ಕೆ ಯಾರು ಬರ್ತಾರೆ?"

ಆಸ್ಪತ್ರೆಯಲ್ಲಿ, ಬಂದರೂ ಬರಬಹುದು, ಕೆಲವು ತಿಂಗಳು ಕಾಯಿರಿ ಎಂದಿದ್ದರಂತೆ. ಇಷ್ಟು ದಿನ ಬರೀ ಕೈ ಅಳತೆಯ ಮೇಲೆ ಅಡುಗೆ ನಡೆಸಿದ್ದಳು. ಮುಂದಿನ ಮಳೆಗಾಲ ಮುಗಿಯುವುದರೊಳಗೆ ಮೂಗು ವಾಪಸು ಬರದಿದ್ದರೆ ಊಟದ ಮನೆ ಮುಚ್ಚುವುದೆಂದು ಮನಸ್ಸಿನಲ್ಲೇ ತೀರ್ಮಾನ ಮಾಡಿಕೊಂಡಿದ್ದಳು. ಅದನ್ನು ಹೇಳುವಾಗಲೂ ಅವಳ ಕೈ ಬೀನ್ಸ್ ಮುರಿಯುತ್ತಲೇ ಇತ್ತು. ನನಗೆ ಸಂಕಟವಾಯಿತು. ಅಂದಿನಿಂದ ನಾನು ಮೊದಲ ಪಂಕ್ತಿಗಿಂತ ಮುಂಚೆ ಹೋಗಿ ಎಲ್ಲ ಪಾತ್ರೆಗಳನ್ನೂ ಮೂಸಿ ಬರುವ ಕೆಲಸ ವಹಿಸಿಕೊಂಡೆ. ಜೆರಾಕ್ಸ್ ಮೆಷಿನ್ನಿನ ಕಪ್ಪು ಟೋನರ್ ಪುಡಿ ತುಂಬಿದ ಮೂಗಿಗೆ ಅದು ದೊಡ್ಡ ಬಡ್ತಿ.

ಅಷ್ಟಕ್ಕೇ ಅವಳು ಬಿಡಲಿಲ್ಲ. ಊರೂರು ತಿರುಗುವವನು, ಅಲ್ಲಲ್ಲಿ ಏನು ಒಳ್ಳೆಯದು ಸಿಗುತ್ತದೋ ತಿಂದು ಬಂದು ನನಗೆ ಹೇಳು ಎಂದಳು. ಕೇಳುತ್ತ ಕೇಳುತ್ತ ಮೂಗಿಗೆ ಹಳೆಯ ದಾರಿ ನೆನಪಾದೀತು ಎಂಬುದು ಅವಳ ಲೆಕ್ಕಾಚಾರ. ಎಲ್ಲೆಲ್ಲಿ ಏನು ತಿನ್ನಬೇಕೆಂದೂ ಅವಳೇ ಹೇಳಿ ಕಳಿಸುತ್ತಿದ್ದಳು. ಇಂಥ ಔಷಧಿಯನ್ನು ರೋಗಿಯ ಪರವಾಗಿ ತಿನ್ನುವ ಭಾಗ್ಯ ಎಷ್ಟು ಜನಕ್ಕೆ ಸಿಗುತ್ತದೆ ಹೇಳಿ? ಮೊದಲ ವರದಿ ಕಿಗ್ಗದ್ದು. ಸಿರಿಮನೆ ಜಲಪಾತಕ್ಕೆ ಹೋಗುವ ದಾರಿಯಲ್ಲಿ ಒಂದು ಮನೆಯವರು ಉಪ್ಪಿನಲ್ಲಿ ಹಾಕಿಟ್ಟ ಕಳಲೆ ತೆಗೆದು ಪಲ್ಯ ಮಾಡಿ, ಅಕ್ಕಿ ರೊಟ್ಟಿಯ ಜೊತೆ ಬಡಿಸುತ್ತಿದ್ದರು. ಕಳಲೆಯೆಂದರೆ ಎಳೆ ಬಿದಿರು ಎಂದು ನನಗೆ ಗೊತ್ತಾದದ್ದು ಎರಡು ತಟ್ಟೆ ಮುಗಿದ ಮೇಲೆ. ಹೇಗಿತ್ತು ಎಂದು ಗಿರಿಜಕ್ಕ ಕೇಳಿದಳು. ಚೆನ್ನಾಗಿತ್ತು ಎಂದೆ.

"ಚೆನ್ನಾಗಿತ್ತು ಅಂದ್ರೆ ಎಂತ ಮಾರಾಯ? ಆಸ್ಪತ್ರೆ ಕಾಂಪೌಂಡೂ ಚೆನ್ನಾಗಿದೆ. ಮೂಗಿಗೆ ಎಂತ ಬಂತು, ಅದನ್ನು ಹೇಳು."

ಅಂದಿನಿಂದ ಚೆನ್ನಾಗಿತ್ತು ಎಂಬ ಮಾತು ನಮ್ಮಿಬ್ಬರ ನಡುವೆ ನಿಷಿದ್ಧವಾಯಿತು. ನಾನು ಕಷ್ಟಪಟ್ಟು ಕಲಿತೆ. ಶೃಂಗೇರಿಯ ಬಸ್‌ಸ್ಟ್ಯಾಂಡಿನ ಹತ್ತಿರದ ಪುಟ್ಟ ಹೋಟೆಲಿನ ಬನ್ಸು ಮುರಿದರೆ ಮೊದಲು ಕಳಿತ ಬಾಳೆಹಣ್ಣು, ಆಮೇಲೆ ಜೀರಿಗೆ, ಕೊನೆಗೆ ಎಣ್ಣೆ. ನೆಮ್ಮಾರಿನ ಜೆರಾಕ್ಸ್ ಅಂಗಡಿಯವನ ಮನೆಯಲ್ಲಿ ಅರಿಶಿನ ಎಲೆಯ ಕಡುಬು. ಎಲೆ ಬಿಚ್ಚುವಾಗ ಬರುವುದೇ ಪರಿಮಳ, ಬಾಯಿಗಿಟ್ಟ ಮೇಲೆ ಬರುವುದು ಅದರ ನೆನಪು ಮಾತ್ರ. ಈ ವಾಕ್ಯ ಹೇಳಿದ ದಿನ ಗಿರಿಜಕ್ಕ ನನಗೆ ಒಂದು ಹಪ್ಪಳ ಹೆಚ್ಚು ಕೊಟ್ಟಳು. ನರಸಿಂಹರಾಜಪುರದಲ್ಲಿ ಕೇರಳದ ಕಡೆಯಿಂದ ಬಂದು ನೆಲೆಸಿದ ಒಂದು ಕುಟುಂಬದ ಹೋಟೆಲಿತ್ತು. ಅಲ್ಲಿ ಬೇಯಿಸಿದ ಮರಗೆಣಸಿಗೆ ಸಣ್ಣ ಈರುಳ್ಳಿ, ಹಸಿಮೆಣಸು ಜಜ್ಜಿ ಮೇಲೆ ಕೊಬ್ಬರಿ ಎಣ್ಣೆ ಹನಿಸಿ ಕೊಡುತ್ತಿದ್ದರು. ಗೆಣಸಿಗೆ ಒದ್ದೆ ಮಣ್ಣಿನ ವಾಸನೆ ಎಂದೆ. ಅವಳು ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದಳು. ಮುಗಿದ ಮೇಲೆ ಕಾಫಿಪುಡಿಯ ಡಬ್ಬ ತೆಗೆದು ಮೂಸಿ, ಇಲ್ಲವೆಂದು ತಲೆಯಾಡಿಸಿ ಮುಚ್ಚಿಡುತ್ತಿದ್ದಳು. ಆ ಡಬ್ಬ ಮುಚ್ಚುವ ಸದ್ದು ಕೇಳಿದರೆ ನನಗೆ ತಿಂದದ್ದೆಲ್ಲ ದಂಡವಾಯಿತೆನಿಸುತ್ತಿತ್ತು.

ಶಿವರಾತ್ರಿ ಕಳೆದು ಮಿಡಿಗಾಯಿಯ ಕಾಲ ಬಂತು. ಗಿರಿಜಕ್ಕನ ಊಟದ ಮನೆಗೆ ಹೆಸರು ತಂದದ್ದೇ ಅವಳ ಜೀರಿಗೆ ಮಿಡಿಯ ಉಪ್ಪಿನಕಾಯಿ. ಮಾವಿನ ಮಿಡಿಗಳು ಕಣ್ಣಿಗೆಲ್ಲ ಒಂದೇ, ಜೀರಿಗೆಯ ಪರಿಮಳ ಇರುವುದು ಕೆಲವೇ ಮರಗಳ ಮಿಡಿಗೆ. ತೊಟ್ಟು ಮುರಿದರೆ ಚಿಮ್ಮುವ ಸೊನೆಯನ್ನು ಮೂಸಿಯೇ ಜಾತಿ ತಿಳಿಯಬೇಕು. ಪ್ರತಿವರ್ಷ ಸೀತೂರಿನಲ್ಲಿ ಹಳ್ಳದ ದಡದ ಒಂದೇ ಮರದಿಂದ ತರುತ್ತಿದ್ದಳು, ಹಾಗಾಗಿ ಮೂಗಿಲ್ಲದಿದ್ದರೂ ನಡೆಯುತ್ತದೆಂದು ಧೈರ್ಯದಿಂದಿದ್ದಳು. ಆ ವರ್ಷ ಆ ಮರ ಕಾಯಿ ಬಿಡಲಿಲ್ಲ. ಬೇರೆ ಮರ ಆರಿಸಬೇಕು, ನೀನು ಬಾ ಎಂದಳು.

ನನಗೆ ಆ ದಿನ ನೆಗಡಿ. ಸಾಧಾರಣ ನೆಗಡಿಯಲ್ಲ, ಮೂಗಿನೊಳಗೆ ಯಾರೋ ಗೋಡೆ ಕಟ್ಟಿ ಗಾರೆ ಮಾಡಿದಂತೆ. ಹೇಳಿಬಿಡಬೇಕಿತ್ತು. ಆದರೆ ಜೀವನದಲ್ಲಿ ಮೊದಲ ಸಲ ನನ್ನ ಯಾವುದೋ ಒಂದು ಅಂಗಕ್ಕೆ ಬೆಲೆ ಬಂದಿತ್ತು ನೋಡಿ. ಅದೂ ಅಲ್ಲದೆ ಅವಳು ಸೀತೂರಿನ ಬಸ್ಸಿನಲ್ಲಿ ಮಡಿಲ ಮೇಲೆ ಖಾಲಿ ಚೀಲ ಮಡಿಸಿಟ್ಟುಕೊಂಡು ಕೂತಿದ್ದ ರೀತಿ ನೋಡಿದರೆ ಹೇಳಲು ಬಾಯಿ ಬರಲಿಲ್ಲ. ಮರದ ಯಜಮಾನರು ಎರಡು ಮರಗಳ ಮಿಡಿ ತಂದು ಮುಂದಿಟ್ಟರು. ತೊಟ್ಟು ಮುರಿದು ಮೂಸಿದೆ. ನೀರಿನಷ್ಟೂ ವಾಸನೆಯಿಲ್ಲ. ಎರಡನೆಯದನ್ನು ತೋರಿಸಿ, ಇದು, ಜೀರಿಗೆ ಘಮ್ಮೆನ್ನುತ್ತಿದೆ ಎಂದೆ. ಗಿರಿಜಕ್ಕ ಒಂದು ಗಳಿಗೆ ನನ್ನ ಮುಖ ನೋಡಿದಳು. ಆಮೇಲೆ, ಇದನ್ನೇ ಕೊಯ್ಯಿಸಿ ಎಂದು ಯಜಮಾನರಿಗೆ ಹೇಳಿದಳು.

ಮಿಡಿ ಉಪ್ಪಿನಲ್ಲಿ ಮುರುಟಿ, ಖಾರ ಸೇರಿ, ಭರಣಿಯ ಬಾಯಿಗೆ ಬಟ್ಟೆ ಬಿತ್ತು. ನನ್ನ ನೆಗಡಿ ನಾಲ್ಕೇ ದಿನಕ್ಕೆ ಹೋಯಿತು, ಹೆದರಿಕೆ ನಾಲ್ಕು ತಿಂಗಳು ಉಳಿಯಿತು. ಆಷಾಢದ ಒಂದು ಮಧ್ಯಾಹ್ನ, ನಾವು ಐದಾರು ಜನ ಊಟಕ್ಕೆ ಕೂತಿದ್ದಾಗ ಗಿರಿಜಕ್ಕ ಭರಣಿ ತಂದು ಬಟ್ಟೆ ಬಿಚ್ಚಿದಳು. ರೂಢಿಯಂತೆ ಬಗ್ಗಿ ಉಸಿರೆಳೆದುಕೊಂಡಳು. ಹುಬ್ಬು ಗಂಟಾಯಿತು.

"ಎಂತ ಮಾರಾಯ ಇದು? ಅರಿಶಿನದ ವಾಸನೆ ಬರ್ತದೆ, ಇಂಗಿಂದು ಬರ್ತದೆ, ಮಿಡೀದು ಮಾತ್ರ ಇಲ್ವಲ."

ನಾನು ತಲೆ ತಗ್ಗಿಸಿದೆ. ನೆಲ ಬಾಯಿ ಬಿಟ್ಟರೆ ಎಲೆಯ ಸಮೇತ ಇಳಿದುಬಿಡುತ್ತಿದ್ದೆ. ಆದರೆ ಬೈಗುಳ ಮುಂದುವರಿಯಲಿಲ್ಲ. ತಲೆ ಎತ್ತಿದರೆ ಗಿರಿಜಕ್ಕ ಸೌಟು ಹಿಡಿದು ಹಾಗೇ ನಿಂತಿದ್ದಳು. ಮತ್ತೆ ಬಗ್ಗಿದಳು. ಇಂಗು ಎಂದು ತನಗೆ ತಾನೇ ಹೇಳಿಕೊಂಡಳು. ಸೌಟು ಬಿಟ್ಟು ಒಳಗೆ ಓಡಿದಳು. ಅಡುಗೆಮನೆಯಲ್ಲಿ ಒಂದರ ಹಿಂದೊಂದು ಡಬ್ಬದ ಮುಚ್ಚಳಗಳು ತೆರೆಯುವ ಸದ್ದಾಯಿತು. ಮುಂದಿನ ಕೋಣೆಯಲ್ಲಿ ಹೊಲಿಗೆ ಮೆಷಿನ್ನು ನಿಂತಿತು. ನಾವು ಎದ್ದು ಹೋಗಿ ನೋಡಿದರೆ ಕಾಫಿಪುಡಿಯ ಡಬ್ಬವನ್ನು ಮಡಿಲಲ್ಲಿಟ್ಟುಕೊಂಡು ಅವಳು ಅಳುತ್ತ ಕೂತಿದ್ದಳು, ಗಂಡ ಅಳತೆ ಟೇಪು ಕೊರಳಲ್ಲಿ ಹಾಕಿಕೊಂಡೇ ಪಕ್ಕದಲ್ಲಿ ನಿಂತಿದ್ದರು. ಏನೂ ಗೊತ್ತಿಲ್ಲದ ಉಳಿದವರು, ಉಪ್ಪಿನಕಾಯಿ ಕೆಟ್ಟದ್ದಕ್ಕೆ ಇಷ್ಟೊಂದು ಅಳಬೇಕೇ ಎಂದು ಸಮಾಧಾನ ಹೇಳಿದರು.

ಅಂಥ ಹೊತ್ತಿನಲ್ಲಿ ನೆಗಡಿಯ ವಿಷಯ ಯಾರು ತೆಗೆಯುತ್ತಾರೆ? ನಾನಂತೂ ತೆಗೆಯಲಿಲ್ಲ. ಆಮೇಲೆ ಚಿತ್ರದುರ್ಗದಲ್ಲಿ ಸ್ವಂತ ಅಂಗಡಿ ಹಾಕಿದೆ. ಊಟದ ಮನೆ ಮುಚ್ಚಲಿಲ್ಲ. ಪ್ರತಿ ವರ್ಷ ಗಿರಿಜಕ್ಕನಿಂದ ಒಂದು ಬಾಟಲಿ ಮಿಡಿ ನನಗೆ ಬರುತ್ತದೆ, ಪ್ರತಿ ವರ್ಷ ಮುಚ್ಚಳ ತೆಗೆಯುವಾಗ ಆ ಸುಳ್ಳು ನೆನಪಾಗುತ್ತದೆ. ಮೊನ್ನೆ ತಂಗಿಯ ಪಟ್ಟಿ ಬರೆಯಲು ಕೂತವನು, ಬನ್ಸು, ಕಳಲೆ, ಕಡುಬು, ಮರಗೆಣಸು ಎಂದೆಲ್ಲ ಬರೆದು, ಕೊಪ್ಪ ಎಂಬಲ್ಲಿಗೆ ಬಂದು ನಿಂತೆ. ಕೈ ತೊಳೆದು ಗಿರಿಜಕ್ಕನಿಗೆ ಫೋನು ಮಾಡಿದೆ. ಈಗ ಮಧ್ಯಾಹ್ನ ಹತ್ತು ಜನಕ್ಕೆ ಮಾತ್ರ ಅಡುಗೆಯಂತೆ. ಅದು ಇದು ಮಾತಾಡಿ, ಕೊನೆಗೆ ಸೀತೂರಿನ ದಿನದ ನೆಗಡಿಯನ್ನು ಹೇಳಿಬಿಟ್ಟೆ. ಆ ಕಡೆಯಿಂದ ನಗು ಕೇಳಿಸಿತು.

"ಗೊತ್ತಿತ್ತು ಮಾರಾಯ. ಮಡಕೆಯೊಳಗೆ ಬಾಯಿಟ್ಟ ಹಾಗೆ ಮಾತಾಡ್ತಿದ್ದೆ ನೀನು. ನಂಗೆ ಮೂಗು ಹೋಗಿತ್ತು, ಕಿವಿ ಇರ್ಲಿಲ್ವ?"

ಮತ್ತೆ ಯಾಕೆ ಆ ಮಿಡಿ ಕೊಯ್ಯಿಸಿದೆ ಎಂದು ಕೇಳಿದೆ.

"ಆ ದಿನ ನಂಗೆ ಯಾರಾದ್ರೂ ವಾಸನೆ ಇದೆ ಅಂತ ಹೇಳ್ಬೇಕಿತ್ತು. ನೀನು ಹೇಳಿದೆ."

ಫೋನಿಟ್ಟ ಮೇಲೆ ಆರಿದ ಅನ್ನಕ್ಕೆ ಒಂದು ಮಿಡಿ ಹಾಕಿಕೊಂಡು ಉಂಡೆ. ಆಮೇಲೆ ತಂಗಿಗೆ ಪಟ್ಟಿ ಕಳಿಸಿದೆ. ಕೊನೆಯಲ್ಲಿ ಹೀಗೆ ಬರೆದಿದ್ದೆ: ಕೊಪ್ಪದಲ್ಲಿ ಗಿರಿಜಕ್ಕನ ಊಟ. ದಾರಿಯಲ್ಲಿ ತಿಂದದ್ದೆಲ್ಲ ಹೇಗಿತ್ತೆಂದು ಕೇಳುತ್ತಾಳೆ, ಚೆನ್ನಾಗಿತ್ತು ಎನ್ನಬೇಡಿ. ನೀವು ತಡವರಿಸಿದರೆ ಹೇಳಿಕೊಡಲು ಜೊತೆಗೊಬ್ಬ ಬೇಕಾಗುತ್ತದೆ, ಕಾರಿನಲ್ಲಿ ನನಗೊಂದು ಸೀಟು ಇಟ್ಟುಕೊಳ್ಳಿ.