ಪಾಲಿಗೆ ಬಿಟ್ಟ ಕುರಿಗಳು

ಮೂರು ವರ್ಷ ನನ್ನ ಭಾನುವಾರಗಳೆಲ್ಲ ಬಸ್ಸಿನಲ್ಲಿ ಕಳೆದವು. ಇಳಕಲ್ಲಿನಲ್ಲಿ ಬೆಳಗಿನ ಬಸ್ಸು ಹತ್ತಿ ಕಿಟಕಿಗೆ ತಲೆ ಆನಿಸಿದರೆ ಹುನಗುಂದ ಬರುವಷ್ಟರಲ್ಲಿ ಅರ್ಧ ನಿದ್ದೆ, ಅರ್ಧ ಎಚ್ಚರ. ಬಿಳಿಜೋಳ ಆಳೆತ್ತರ ನಿಂತ ದಿನಗಳಲ್ಲಿ ಬಸ್ಸು ನಿಂತಲ್ಲೇ ನಿಂತಿದೆ, ಎರೆಹೊಲಗಳೇ ನನ್ನನ್ನು ದಾಟಿಕೊಂಡು ಎಲ್ಲಿಗೋ ಹೊರಟಿವೆ ಅನ್ನಿಸುತ್ತಿತ್ತು. ಬಾಗಲಕೋಟೆ ಹತ್ತಿರವಾದಂತೆ ಹಿನ್ನೀರು ಕಾಣುತ್ತಿತ್ತು. ಆ ನೀರಿನ ಕೆಳಗೆ ಹಳೆಯ ಓಣಿಗಳಿವೆ, ಅಂಗಡಿಯ ಕಟ್ಟೆಗಳಿವೆ ಎಂದು ಚಿಕ್ಕವಳಿದ್ದಾಗ ಯಾರೋ ಹೇಳಿದ್ದರು. ಅಲ್ಲಿ ಈಗಲೂ ಒಬ್ಬ ಅಂಗಡಿಯವನು ಬಾಗಿಲು ತೆರೆದು ಕೂತು ಮೀನುಗಳ ಜೊತೆ ಚೌಕಾಸಿ ಮಾಡುತ್ತಿರಬಹುದು ಎಂದು ಯೋಚಿಸುತ್ತ ಇಳಿಯಬೇಕಾದ ಸ್ಟಾಪನ್ನು ಎರಡು ಸಲ ದಾಟಿ ಹೋಗಿದ್ದೇನೆ.

ನಾನು ಹೋಗುತ್ತಿದ್ದದ್ದು ಬಾಗಲಕೋಟೆಯ ನವನಗರದ ಒಂದು ಬಾಡಿಗೆ ಕೋಣೆಗೆ. ದೂರದ ಊರಿನ ಸಂಸ್ಥೆಯೊಂದು ಅಂಚೆ ಮತ್ತು ಫೋನಿನ ಮೂಲಕ ಕಲಿಸುವ ಪದವಿ ಅದು: ಇಸ್ಲಾಮಿಕ್ ಅರ್ಥಶಾಸ್ತ್ರ, ಬ್ಯಾಂಕಿಂಗ್ ಮತ್ತು ಹಣಕಾಸು. ನಮ್ಮ ಕಡೆಯ ಬೆರಳೆಣಿಕೆಯ ವಿದ್ಯಾರ್ಥಿಗಳಿಗೆ ಭಾನುವಾರ ಒಬ್ಬ ಸರ್ ಪಾಠ ಹೇಳುತ್ತಿದ್ದರು. ಸರ್ ಇಡೀ ಜನ್ಮ ಬ್ಯಾಂಕಿನಲ್ಲಿ ಬಡ್ಡಿ ಲೆಕ್ಕ ಹಾಕಿ ನಿವೃತ್ತರಾದವರು. ಬಡ್ಡಿ ಏಕೆ ಕೂಡದು ಎಂಬುದು ತಮ್ಮಷ್ಟು ಚೆನ್ನಾಗಿ ಇನ್ಯಾರಿಗೂ ಗೊತ್ತಿರಲಿಕ್ಕಿಲ್ಲ ಎಂದು ತಾವೇ ನಗುತ್ತಿದ್ದರು. ಇಳಕಲ್ಲಿನಲ್ಲಿ ಸೀರೆಯ ನೂಲಿಗೆ ಬಣ್ಣ ಹಾಕುವ ನಮ್ಮ ಅಬ್ಬಾನಿಗೂ ಈ ಓದು ನಗೆಯ ವಿಷಯವೇ. ಬಡ್ಡಿಯಿಲ್ಲದ ಬ್ಯಾಂಕು ನಮ್ಮ ಓಣಿಯಲ್ಲಿ ತೆರೆದ ದಿನ ತಿಳಿಸು, ಮ್ಯಾನೇಜರ್ ಕುರ್ಚಿಗೆ ನಾನೇ ಬಣ್ಣ ಹಾಕಿಕೊಡುತ್ತೇನೆ ಎನ್ನುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು. ನನ್ನ ಸಿಟ್ಟು ಹಾಲಿನ ಹಾಗೆ, ನೋಡ ನೋಡುತ್ತಲೇ ಉಕ್ಕುತ್ತದೆ.

ಎರಡನೆಯ ವರ್ಷದ ಒಂದು ಭಾನುವಾರ ಸರ್ ಮುದಾರಬಾ ಎಂಬ ಒಪ್ಪಂದದ ಬಗ್ಗೆ ಹೇಳಿದರು. ಒಬ್ಬನ ಬಂಡವಾಳ, ಇನ್ನೊಬ್ಬನ ದುಡಿಮೆ. ಲಾಭ ಬಂದರೆ ಮೊದಲೇ ಮಾತಾದಂತೆ ಪಾಲು. ನಷ್ಟವಾದರೆ ಅದು ಬಂಡವಾಳದವನದು. ದುಡಿದವನಿಗೆ ಅವನ ಬೆವರೇ ನಷ್ಟ, ಅದರ ಮೇಲೆ ಇನ್ನೇನನ್ನೂ ಅವನಿಂದ ಕೇಳುವಂತಿಲ್ಲ. ಕೇಳಬಹುದಾದ ಸಂದರ್ಭ ಒಂದೇ, ಅವನ ಕಡೆಯಿಂದ ತಕ್ಸೀರ್ ಆಗಿದ್ದರೆ, ಅಂದರೆ ಅವನು ಕೆಲಸದಲ್ಲಿ ಅಲಕ್ಷ್ಯ ಮಾಡಿದ್ದರೆ. ಸಂಜೆ ತಿರುಗಿ ಬರುವಾಗ ಅಮೀನಗಡ ದಾಟಿದ ಮೇಲೆ ರಸ್ತೆಗೆ ಅಡ್ಡ ಒಂದು ಕುರಿಹಿಂಡು ಬಂತು. ಬಸ್ಸು ನಿಂತಿತು. ಧೂಳಿನಲ್ಲಿ ಹೊನ್ನಿನ ಬಣ್ಣದ ಬೆಳಕು, ಅದರೊಳಗೆ ಮುಗಿಯದ ಹಾಗೆ ಕುರಿಗಳು. ಮಂಪರಿನಲ್ಲಿ ನೋಡುತ್ತ ಕೂತವಳು ತಟಕ್ಕನೆ ಎದ್ದು ಕೂತೆ. ಸರ್ ಹೇಳಿದ್ದು ನಮ್ಮ ದಾದಿಯ ಕುರಿಗಳ ಕಥೆಯೇ ಆಗಿತ್ತು.

ದಾದಿ, ಅಂದರೆ ಅಬ್ಬಾನ ತಾಯಿ, ನಾನು ಹುಟ್ಟುವ ಮೊದಲೇ ಎರಡು ಹೆಣ್ಣು ಕುರಿ ಕೊಂಡು ಹುನಗುಂದದ ಕಡೆಯ ಒಬ್ಬ ಕುರುಬರಿಗೆ ಪಾಲಿಗೆ ಬಿಟ್ಟಿದ್ದಳು. ಅಬ್ಬಾ ಅವರನ್ನು ಕಾಕಾ ಎನ್ನುತ್ತಿದ್ದರಿಂದ ನನಗೂ ಅವರು ಕಾಕಾ. ಕುಲದೇವರು ಬೀರಪ್ಪನ ಮೇಲೆ ಭಾರ ಹಾಕಿ ಬದುಕುವ ಮನುಷ್ಯ, ಹೆಚ್ಚು ಮಾತಿಲ್ಲ. ಕುರಿ ನಮ್ಮದು, ಸಾಕುವುದು ಅವರು, ಹುಟ್ಟಿದ ಮರಿಗಳಲ್ಲಿ ಅರ್ಧರ್ಧ. ಹಂಚುವ ದಿನ ಕಾಕಾ ಮರಿಗಳನ್ನು ಎರಡು ಗುಂಪು ಮಾಡಿ ನಿಲ್ಲಿಸುತ್ತಿದ್ದರು, ಯಾವ ಗುಂಪು ಬೇಕೆಂದು ಆರಿಸುವವಳು ದಾದಿ. ಅವಳು ಮುಖ ಬೇರೆ ಕಡೆ ತಿರುಗಿಸಿಕೊಂಡು ಬೆರಳು ಚಾಚುತ್ತಿದ್ದಳು. ಕುರಿ ಸತ್ತರೆ ಗುರುತಿನ ಕಚ್ಚು ಇರುವ ಕಿವಿಯನ್ನು ತಂದು ತೋರಿಸಬೇಕೆಂಬುದು ರೂಢಿ. ಕಾಕಾ ವಸ್ತ್ರದಲ್ಲಿ ಸುತ್ತಿದ ಕಿವಿ ತೆಗೆಯುವಷ್ಟರಲ್ಲಿ ದಾದಿ ಚಹಾ ಇಡಲು ಎದ್ದು ಒಳಗೆ ಹೋಗಿಬಿಡುತ್ತಿದ್ದಳು. ಒಮ್ಮೆಯೂ ನೋಡಿದವಳಲ್ಲ.

ಮೂರನೆಯ ವರ್ಷ ಪ್ರತಿಯೊಬ್ಬರೂ ನಮ್ಮ ನಮ್ಮ ಊರಿನಲ್ಲಿ ಬದುಕಿರುವ ಒಂದು ಒಪ್ಪಂದವನ್ನು ಹುಡುಕಿ ಪ್ರಬಂಧ ಬರೆಯಬೇಕಿತ್ತು. ನಾನು ಕುರಿ ಎಂದೆ. ಸರ್ ಕನ್ನಡಕ ಸರಿಮಾಡಿಕೊಂಡರು. ಪ್ರಾಣಿಯನ್ನು ಬಂಡವಾಳ ಎಂದು ಒಪ್ಪುವುದರ ಬಗ್ಗೆ ಹಳೆಯ ಪಂಡಿತರಲ್ಲೇ ಜಗಳವಿದೆ, ಕೆಲವರು ಹಣವೇ ಆಗಬೇಕು ಎನ್ನುತ್ತಾರೆ, ಕೆಲವರು ನಡೆಯುತ್ತದೆ ಎನ್ನುತ್ತಾರೆ. ಚೆನ್ನಾಗಿ ಬರೆದರೆ ಇದು ಅಪರೂಪದ ಕೆಲಸ ಎಂದರು. ಆ ವಾರ ನಾನು ನೆಲದ ಮೇಲೆ ನಡೆಯಲಿಲ್ಲ. ಮಗ್ಗಗಳ ಸದ್ದು ಕೇಳುವ ನಮ್ಮ ಓಣಿಯಲ್ಲಿ ಕೂತು, ದೊಡ್ಡ ಸಭೆಯೊಂದರಲ್ಲಿ ದಾದಿಯ ಕುರಿಗಳ ಬಗ್ಗೆ ನಾನು ಭಾಷಣ ಮಾಡುತ್ತಿರುವುದನ್ನೂ, ದಾದಿ ಮುಂದಿನ ಸಾಲಿನಲ್ಲಿ ತೂಕಡಿಸುತ್ತಿರುವುದನ್ನೂ ಕಂಡೆ.

ಕಾಕಾ ಆಗ ಬಾದಾಮಿಯ ಕಡೆ ಇದ್ದರು. ಕಡಲೆ ಕಿತ್ತ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ನಿಲ್ಲಿಸಿದ್ದರು. ಗುಳೇದಗುಡ್ಡದಲ್ಲಿ ಬಸ್ಸು ಬದಲಿಸಿ, ಕೊನೆಗೆ ಒಂದು ಮೈಲಿ ನಡೆದು ಹೋದೆ. ದೂರದಲ್ಲಿ ಬಾದಾಮಿಯ ಕೆಂಪು ಬಂಡೆಗಳು ಬಿಸಿಲಿಗೆ ಕರಗುತ್ತಿರುವಂತೆ ಕಂಡವು. ಕಾಕಿ ನನ್ನ ತಲೆ ಸವರಿ ಕುರಿಹಾಲಿನ ಚಹಾ ಕೊಟ್ಟಳು. ಕಾಕಾನ ಇಬ್ಬರು ಗಂಡುಮಕ್ಕಳೂ ಆ ಹೊಲದ ಯಜಮಾನರೂ ಸುತ್ತ ಕೂತರು. ನಾನು ಪ್ರಶ್ನೆಗಳ ಹಾಳೆ ತೆಗೆದೆ. ಪ್ರತಿ ಪ್ರಶ್ನೆಯ ಮುಂದೆ ಎರಡು ಚೌಕ: ಹೌದು, ಇಲ್ಲ. ಎಷ್ಟು ಅಚ್ಚುಕಟ್ಟಾಗಿ ಗೆರೆ ಎಳೆದಿದ್ದೆ ಎಂದರೆ ಕಾಕಾನ ಚಿಕ್ಕ ಮಗ ಅದನ್ನು ಮುಟ್ಟಿ ನೋಡಿದ.

ಪ್ರಶ್ನೆಗಳು ಸರಾಗವಾಗಿ ಸಾಗಿದವು. ಆಮೇಲೆ ತಕ್ಸೀರಿನ ಪ್ರಶ್ನೆ ಬಂತು. ಹಿಂದೊಂದು ವರ್ಷ ತೋಳ ಹೊಕ್ಕು ನಮ್ಮ ಮೂರು ಕುರಿ ಹೋದದ್ದು ಮನೆಯಲ್ಲಿ ಆಡುವ ಮಾತಿನಿಂದ ನನಗೆ ಗೊತ್ತಿತ್ತು. ಆವತ್ತು ನೀವು ಕುರಿಗಳ ಹತ್ತಿರ ಇದ್ರ್ಯೋ ಇಲ್ಲೋ ಎಂದು ಕೇಳಿದೆ.

ಕಾಕಾ ಕೋಲಿನ ತುದಿಯಿಂದ ಒಂದು ಹೆಂಟೆ ಒಡೆದರು. "ಇದ್ದಿಲ್ಲ ಯವ್ವಾ," ಅಂದರು.

ನಾನು ‘ಇಲ್ಲ’ದ ಚೌಕದಲ್ಲಿ ಗುರುತು ಹಾಕಿದೆ. ಖುಷಿಯಾಯಿತು, ಸುಳ್ಳೇಕೆ ಹೇಳಲಿ. ಪುಸ್ತಕದಲ್ಲಿದ್ದ ವಿನಾಯಿತಿಗೆ ಜೀವಂತ ಉದಾಹರಣೆ ಸಿಕ್ಕಿತ್ತು. ಇದ್ದಿರಲಿಲ್ಲ ಅಂದರೆ ನಮ್ಮ ಶಾಸ್ತ್ರದ ಪ್ರಕಾರ ಆ ನಷ್ಟ ಸಾಕುವವನ ಮೇಲೆ ಬರುತ್ತದೆ ಎಂದು ಎಲ್ಲರಿಗೂ ಬಿಡಿಸಿ ಹೇಳಿದೆ ಕೂಡ. ಹೊಲದ ಯಜಮಾನರು ಕಾಕಾನ ಮುಖ ನೋಡಿದರು. ಮಕ್ಕಳು ನೆಲ ನೋಡಿದರು. ನಾನು ಮಾತ್ರ ಏನನ್ನೂ ನೋಡದೆ, ಬಸ್ಸಿಗೆ ಹೊತ್ತಾಯಿತೆಂದು ಎದ್ದು ಬಂದೆ.

ಮುಂದಿನ ಶುಕ್ರವಾರ ಮಧ್ಯಾಹ್ನ ನಮ್ಮ ಮನೆಯ ಮುಂದೆ ಒಂದು ಟೆಂಪೋ ನಿಂತಿತು. ಕಾಕಾ ಇಳಿದರು. ಹಿಂದಿನಿಂದ ಮೂರು ಗಬ್ಬದ ಕುರಿಗಳನ್ನು ಇಳಿಸಿ ನಮ್ಮ ಬಾಗಿಲ ಕಂಬಕ್ಕೆ ಕಟ್ಟಿದರು. ದಾದಿ ಗೋಡೆ ಹಿಡಿದುಕೊಂಡು ಹೊರಗೆ ಬಂದಳು.

"ಅಕ್ಕಾ, ತೋಳ ಒಯ್ದ ಮೂರು ಕುರಿ ತಂದೇನಿ. ನಾ ಅಲ್ಲಿ ಇದ್ದಿಲ್ಲ, ಅದಕ್ಕ ಅದು ನನ್ನ ಮ್ಯಾಲೆ ಬರತೈತಿ. ಹಂಗ ಬರದಾರಂತ, ಮಗಳು ಹೇಳಿದ್ಲು. ಉಳದ ಕುರಿ ಬರೂ ಅಮಾಸಿಗೆ ತಂದು ಬಿಡತೇನಿ."

ಸಿಟ್ಟಿನ ಮಾತಲ್ಲ, ಅದೇ ಕಷ್ಟ. ದಾದಿ ಚಹಾ ಎಂದಳು. ಕಾಕಾ ಕೈಮುಗಿದು ಟೆಂಪೋ ಹತ್ತಿದರು. ನಮ್ಮ ಮನೆಗೆ ಬಂದು ಅವರು ಚಹಾ ಕುಡಿಯದೆ ಹೋದದ್ದು ನನಗೆ ನೆನಪಿರುವ ಮಟ್ಟಿಗೆ ಅದೇ ಮೊದಲು.

ದಾದಿ ನನ್ನನ್ನು ಕೂರಿಸಿ, ಏನು ಬರೆದಿದ್ದೀಯೋ ಅದನ್ನು ಓದು ಎಂದಳು. ನಾನು ಪ್ರಬಂಧದಲ್ಲಿ ಕುರಿಯ ಪಾಲಿನ ಅಧ್ಯಾಯ ಓದಿದೆ. ತಕ್ಸೀರಿನ ಭಾಗ ಬಂದಾಗ ಇನ್ನೊಮ್ಮೆ ಓದು ಎಂದಳು. ಓದಿದೆ. ತೋಳ ಹೊಕ್ಕದ್ದು ಯಾವ ವರ್ಷ, ಗೊತ್ತೇನು ಎಂದು ಕೇಳಿದಳು. ಗೊತ್ತಿರಲಿಲ್ಲ. ನಿನ್ನ ದಾದಾ, ಅಬ್ಬಾನ ತಂದೆ, ತೀರಿಕೊಂಡ ವರ್ಷ ಎಂದಳು. ತೀರಿಕೊಂಡ ದಿನ ಎಂದೂ ಸೇರಿಸಿದಳು. ಕಾಕಾ ಸುದ್ದಿ ಕೇಳಿ ಹಿಂಡನ್ನು ಮಕ್ಕಳ ಕೈಗೆ ಕೊಟ್ಟು ಓಡಿ ಬಂದಿದ್ದರು, ಕಬರಸ್ತಾನದ ತನಕ ಹೆಗಲು ಕೊಟ್ಟಿದ್ದರು. ನಮ್ಮ ಮೂರರ ಜೊತೆ ಅವರ ಸ್ವಂತದ ಐದು ಕುರಿಗಳೂ ಆ ರಾತ್ರಿ ಹೋಗಿದ್ದವು. ಅವು ಹೋದದ್ದನ್ನು ಅವರು ನಮ್ಮ ಮನೆಯಲ್ಲಿ ಇವತ್ತಿಗೂ ಬಾಯಿಬಿಟ್ಟು ಹೇಳಿಲ್ಲ, ದಾದಿಗೆ ತಿಳಿದದ್ದು ಬೇರೆಯವರಿಂದ.

ನನ್ನ ಕಿವಿ ಬಿಸಿಯಾದವು. ನಾಚಿಕೆ ಎಂಬುದು ಮೈಯಲ್ಲಿ ಎಲ್ಲಿರುತ್ತದೆ ಎಂದು ಅವತ್ತು ಗೊತ್ತಾಯಿತು. ಆ ಸಂಜೆ ಮೂರು ಕುರಿಗಳೂ ಓಣಿಯ ತುಂಬ ಕೇಳುವ ಹಾಗೆ ಕೂಗಿದವು. ಅಬ್ಬಾ ಬಣ್ಣದ ಕೈಯಲ್ಲೇ ಅವುಗಳಿಗೆ ಮೇವು ಹಾಕಿದರು, ಎಂದಿನಂತೆ ತಮಾಷೆ ಮಾಡಲಿಲ್ಲ. ನನ್ನ ಜೊತೆ ಬಾ ಎಂದು ದಾದಿಯನ್ನು ಕೇಳಿದೆ. ಕಾಕಾನಿಗೆ ಪ್ರಶ್ನೆ ಕೇಳಿದವಳು ನೀನು, ಹೋಗಬೇಕಾದವಳೂ ನೀನೇ ಎಂದಳು. ಅಮಾವಾಸ್ಯೆಗೆ ಇನ್ನು ನಾಲ್ಕೇ ದಿನ. ಅಷ್ಟರಲ್ಲಿ ಕಾಕಾ ಈ ಮೂರನ್ನು ತಿರುಗಿ ತೆಗೆದುಕೊಳ್ಳದಿದ್ದರೆ ನನಗಿಂತ ಹಳೆಯದಾದ ಆ ಪಾಲು ಮುರಿದುಬೀಳುತ್ತಿತ್ತು. ಅದರ ಜೊತೆ ಎರಡು ಮನೆಗಳ ನಡುವಿನ ಬಳಕೆಯೂ.

ಭಾನುವಾರ ನಾನು ನವನಗರಕ್ಕೆ ಹೋಗಲಿಲ್ಲ. ಓಣಿಯ ಟೆಂಪೋದವರನ್ನು ಗೊತ್ತುಮಾಡಿಕೊಂಡು ಕುರಿಗಳನ್ನು ಹತ್ತಿಸಿ ಬಾದಾಮಿಯ ದಾರಿ ಹಿಡಿದೆ. ಕಿಟಕಿಯಾಚೆ ಅದೇ ಹೊಲಗಳು, ಅದೇ ಬೆಳಕು. ಕನಸು ಮಾತ್ರ ಬೀಳಲಿಲ್ಲ. ಹೇಳಬೇಕಾದ ಮಾತನ್ನು ಹತ್ತು ಬಗೆಯಲ್ಲಿ ಜೋಡಿಸಿದೆ, ಹತ್ತನ್ನೂ ಕೆಡಿಸಿದೆ. ಬಂಡವಾಳದವನು ತಪ್ಪು ಮಾಡಿದರೆ ಏನು ಮಾಡಬೇಕೆಂದು ನನ್ನ ಪುಸ್ತಕದಲ್ಲಿ ಒಂದು ಪುಟವೂ ನೆನಪಾಗಲಿಲ್ಲ.

ಕಾಕಾ ಹೊಲದ ಬದುವಿನಲ್ಲಿ ಕೂತಿದ್ದರು. ಟೆಂಪೋ ಕಂಡರೂ ಏಳಲಿಲ್ಲ. ಹಿಂದೆ ಕೂತ ಕುರಿಗಳು ಹಿಂಡಿನ ವಾಸನೆ ಹಿಡಿದು ಕೂಗತೊಡಗಿದವು, ಹಿಂಡಿನಿಂದಲೂ ಓ ಅಂದವು. ನಾನು ಹೋಗಿ ಎದುರಿಗೆ ನೆಲದ ಮೇಲೆ ಕೂತೆ. ನೀವು ಅವತ್ತು ನಮ್ಮ ದಾದಾನ ಮಣ್ಣಿಗೆ ಬಂದಿದ್ದಿರಿ ಎಂದು ನನಗೆ ಗೊತ್ತಿರಲಿಲ್ಲ, ತಪ್ಪಾಯಿತು ಎಂದೆ. ಕುರಿ ತಿರುಗಿ ತಗೊಳ್ಳಿ ಎಂದೆ. ಪ್ರಶ್ನೆ ಕೇಳಿದಾಗಲೇ ಯಾಕೆ ಹೇಳಲಿಲ್ಲ ಎಂದೂ ಕೇಳಿಬಿಟ್ಟೆ, ಸ್ವಲ್ಪ ಸಿಟ್ಟಿನಲ್ಲೇ.

"ಎಲ್ಲಿದ್ರಿ ಅಂತ ನೀ ಕೇಳಲಿಲ್ಲಲ್ಲ ಯವ್ವಾ. ಇದ್ರ್ಯೋ ಇಲ್ಲೋ ಅಂತ ಕೇಳಿದಿ. ನಾ ಇದ್ದಿಲ್ಲ. ಅದು ಖರೆ."

ಅವರು ಹೇಳಿದ್ದು ಸರಿಯಾಗಿತ್ತು. ಅಷ್ಟು ಚೆಂದದ ಹಾಳೆಯಲ್ಲಿ ಒಬ್ಬ ಮನುಷ್ಯ ಎರಡು ಶಬ್ದಕ್ಕಿಂತ ಹೆಚ್ಚು ಹೇಳಲು ನಾನು ಜಾಗವನ್ನೇ ಬಿಟ್ಟಿರಲಿಲ್ಲ.

"ಈಗ ಕೇಳ್ತೇನಿ," ಎಂದೆ. "ಮಣ್ಣು ಮುಗದಿದ್ದು ಹೊತ್ತು ಇರೂದ್ರಾಗ ಅಂತ ದಾದಿ ಹೇಳ್ಯಾಳ. ರಾತ್ರಿ ಎಲ್ಲಿದ್ರಿ ಕಾಕಾ?"

ಕಾಕಾ ಹೆಗಲ ಮೇಲಿನ ಕಂಬಳಿ ತೆಗೆದು ತೊಡೆಯ ಮೇಲಿಟ್ಟುಕೊಂಡರು.

"ಹೊತ್ತು ಮುಳುಗೂದ್ರಾಗ ಹೊಂಡಾಂವ ಇದ್ದೆ," ಅಂದರು. "ಮನಿ ತುಂಬ ಅಳೂ ಮಂದಿ, ನಿನ್ನ ಯಾರೂ ನೋಡಿದ್ದಿಲ್ಲ. ಸಣ್ಣಾಕಿ ನೀ. ಅತ್ತು ಅತ್ತು ಬಂದು ಕಟ್ಟಿ ಮ್ಯಾಲೆ ನನ್ನ ಕಂಬಳ್ಯಾಗ ಮಲಗಿಬಿಟ್ಟಿ. ನನ್ನ ಬೆರಳು ಹಿಡಕೊಂಡಿದ್ದಿ. ಬಿಡಸಾಕ ನೋಡಿದೆ, ಎಚ್ಚರಾತು, ಮತ್ತ ಅತ್ತಿ. ಅದಕ್ಕ ನಸಕಿನ ತನಕಾ ಅಲ್ಲೇ ಕುಂತೆ."

ಇಷ್ಟು ಹೇಳಿ, ಬೇಕಾದರೆ ಈಗ ಬರೆದುಕೋ ಎಂದರು. ನಾನು ಆ ಹೊಲದ ಹೆಂಟೆಗಳ ಮೇಲೆ ಕೂತು ಸಣ್ಣ ಮಗುವಿನ ಹಾಗೆ ಅತ್ತೆ. ಟೆಂಪೋದವರು ಏನಾಯಿತೆಂದು ಕೇಳುತ್ತಿದ್ದರು. ಕಾಕಾ ನನ್ನನ್ನು ಅಳಲು ಬಿಟ್ಟು, ಮೊಣಕಾಲಿಗೆ ಕೈಯೂರಿ ಎದ್ದು ಹೋಗಿ, ಟೆಂಪೋದ ಹಿಂದಿನ ಬಾಗಿಲು ತೆಗೆದರು.