ತೋಟಾ ಸಿಕ್ಕಿಕೊಂಡ ಆಯುಧಪೂಜೆ

ಆಗ ನನಗೆ ಇಪ್ಪತ್ತೆರಡು. ಈ ಮಾತಿಗೆ ಐವತ್ತು ವರ್ಷ ಆಗಿರಬೇಕು. ಕೆಂಗೇರಿಯ ವಠಾರವೊಂದರಲ್ಲಿ ಒಂದು ಕೋಣೆ, ಒಂದು ಅಡುಗೆಮನೆ. ನಾನು, ಯಜಮಾನರು, ಅತ್ತೆ, ಎರಡು ವರ್ಷದ ಮಗಳು. ಯಜಮಾನರು ಮಿಲಿಟರಿ ಬಿಟ್ಟು ಬಂದಿದ್ದರು. ಸ್ವಂತ ಬಂದೂಕು ಇದ್ದವರಿಗೆ ಬ್ಯಾಂಕಿನಲ್ಲಿ ಕಾವಲು ಕೆಲಸ ಸಿಗುತ್ತದೆಂದು ಲೈಸೆನ್ಸ್ ಮಾಡಿಸಿ ಹೊಸ ರೈಫಲು ತಂದರು.

ಆಯುಧಪೂಜೆಯ ಬೆಳಿಗ್ಗೆ, ಪೂಜೆಗಿಡುವ ಮುಂಚೆ ಒಂದು ಸಲ ನೋಡೋಣ ಎಂದು ಅದಕ್ಕೆ ತೋಟಾ ಹಾಕಿ, ಅದನ್ನು ನಳಿಗೆಯೊಳಕ್ಕೆ ನೂಕುವ ಹಿಡಿಯನ್ನು ಮುಂದಕ್ಕೆ ತಳ್ಳಿದರು. ಹಿಡಿ ಅರ್ಧಕ್ಕೇ ಕಚ್ಚಿಕೊಂಡಿತು. ಮುಂದಕ್ಕೂ ಹೋಗದು, ಹಿಂದಕ್ಕೂ ಬಾರದು. ಅವರ ಹಣೆಯಲ್ಲಿ ಬೆವರು ಕಂಡಾಗ ಮಗಳನ್ನು ಎತ್ತಿಕೊಂಡೆ.

“ತೋಟಾ ಒಳಗೆ ಸಿಕ್ಕಿಕೊಂಡಿದೆ. ಯಾರೂ ಮುಟ್ಟಬೇಡಿ.”

ಅತ್ತೆಗೆ ಕಿವಿ ಮಂದ. “ತೋಟವೇ? ಕಾಲು ಚಾಚೋಕೆ ಜಾಗ ಇಲ್ಲ, ನಿಂಗೆಲ್ಲಿಂದ ಬಂತೋ ತೋಟ?”

“ಗುಂಡು ಕಣವ್ವ, ಗುಂಡು! ಯಾವಾಗ ಬೇಕಾದ್ರೂ ಹಾರುತ್ತೆ.”

“ಆಚೆ ಬಯಲಲ್ಲಿ ಹೊಡೆದುಬಿಡ್ರೀ” ಎಂದೆ.

“ಹಿಡಿ ಪೂರ್ತಿ ಕೂತಿಲ್ಲ ಕಣೇ. ಈಗ ಹೊಡೆದ್ರೆ ಹಿಂದಕ್ಕೆ ಸಿಡಿದು ನನ್ನ ಮುಖಾನೇ ಹೋಗುತ್ತೆ.”

ಬಂದೂಕಿನ ಬಾಯಿ ಯಾವ ಕಡೆ ಮಾಡಿ ಇಡುವುದು? ಬಲಗೋಡೆಯ ಆಚೆ ಬಾಣಂತಿ. ಎಡಗೋಡೆಯ ಆಚೆ ದರ್ಜಿಯ ಸಂಸಾರ. ಬಾಗಿಲ ಮುಂದೆ ನಲ್ಲಿ, ನೀರಿಗೆ ನಿಂತ ಹೆಂಗಸರು. ವಠಾರದಲ್ಲಿ ಬಂದೂಕಿಗೆ ದಿಕ್ಕೇ ಇಲ್ಲ. ಕೊನೆಗೆ ಅಡುಗೆಮನೆಯಲ್ಲಿ ಎರಡು ರಾಗಿ ಮೂಟೆ, ಅದರ ಹಿಂದೆ ಒರಳುಕಲ್ಲು ಇಟ್ಟು, ಆ ಕಡೆಗೆ ಬಾಯಿ ಮಾಡಿ ಮಲಗಿಸಿದರು. ಒಲೆ ಹಚ್ಚಬೇಡ ಎಂದು ಹೇಳಿ, ಬಂದೂಕು ರಿಪೇರಿಯವನನ್ನು ಕರೆತರಲು ಸೈಕಲ್ ಹತ್ತಿ ರಾಜಾಜಿನಗರಕ್ಕೆ ಹೋದರು.

ನಾನು ಮಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಅಡುಗೆಮನೆ ಬಾಗಿಲಲ್ಲಿ ನಿಂತೆ. ಅತ್ತೆ ಕುಂಕುಮದ ಬಟ್ಟಲು ಹಿಡಿದು ಬಂದರು.

“ಆಯುಧಪೂಜೆ ದಿನ ಆಯುಧಕ್ಕೇ ಕುಂಕುಮ ಬೇಡ್ವೇನೇ? ಅದಕ್ಕೇ ಮುನಿಸಿಕೊಂಡಿದೆ ಅದು.”

“ಇಲ್ಲಿಂದಲೇ ಕೈ ಮುಗೀರಿ ಅತ್ತೆ!”

ಅವರು ಒಳಗೆ ನುಗ್ಗಿದರು. ತಡೆಯಲು ಮಗಳನ್ನು ಇಳಿಸಿದೆ. ಇಳಿಸಿದ್ದೇ ತಡ, ಅವಳು ನಮ್ಮ ಕಾಲಸಂದಿಯಲ್ಲಿ ನುಸುಳಿ ಹೊಳೆಯುವ ಬಂದೂಕಿನ ಕಡೆ ಹೊರಟಳು. ಅಷ್ಟರಲ್ಲಿ ಧಪ್ ಎಂದಿತು.

ಮಗಳ ಮೇಲೆ ಬಿದ್ದೆ. ಬೆನ್ನು ಮುಟ್ಟಿ ನೋಡಿಕೊಂಡರೆ ಕೈಯೆಲ್ಲ ಕೆಂಪು. ಅದು ಅತ್ತೆ ಚೆಲ್ಲಿದ ಕುಂಕುಮ. ಸದ್ದು, ಪಕ್ಕದ ದರ್ಜಿ ತನ್ನ ಹೊಸಿಲ ಮುಂದೆ ಬೂದುಗುಂಬಳ ಒಡೆದದ್ದು. ಆಮೇಲೆ ವಠಾರದಲ್ಲಿ ಒಂದೊಂದು ಕಾಯಿ ಒಡೆದಾಗಲೂ ನಾನು ಮಗಳನ್ನು ಅವುಚಿಕೊಳ್ಳುತ್ತಿದ್ದೆ.

ಯಜಮಾನರು ಒಬ್ಬರೇ ವಾಪಸ್ ಬಂದರು.

“ಸಾಮಾನೆಲ್ಲ ಪೂಜೆಗಿಟ್ಟಿದ್ದಾನೆ. ಇವತ್ತು ಸ್ಕ್ರೂಡ್ರೈವರ್ ಮುಟ್ಟಲ್ವಂತೆ. ನಾಳೆ ಬರ್ತಾನಂತೆ.”

“ಜೀವದ ಪ್ರಶ್ನೆ ಅನ್ನಲಿಲ್ವಾ?”

“ಅಂದೆ. ‘ಪೂಜೆಗಿಟ್ಟಿದ್ದು ಎತ್ತಿದ್ರೆ ಕೈ ಕೆಡುತ್ತೆ ಸಾರ್, ಕೆಟ್ಟ ಕೈಯಲ್ಲಿ ಗುಂಡು ತೆಗೀಲಾ?’ ಅಂದ.”

ಅವನನ್ನು ಬೈಯೋಣವೆಂದರೆ, ನನ್ನ ಈಳಿಗೆಮಣೆಯೂ ಪೂಜೆಯಲ್ಲಿತ್ತು. ಯಾರು ಹೇಳಿದರೂ ನಾನೂ ಮುಟ್ಟುತ್ತಿರಲಿಲ್ಲ. ಹಬ್ಬದ ದಿನ ಅವಲಕ್ಕಿ ನೆನೆಹಾಕಿ ತಿಂದೆವು. ರಾತ್ರಿ ಯಜಮಾನರು ಅಡುಗೆಮನೆ ಬಾಗಿಲಿಗೆ ಅಡ್ಡ ಕೂತರು. ನಾನು ಮಗಳೊಂದಿಗೆ ಜಗಲಿಯಲ್ಲೇ ಉಳಿದೆ.

ಮಾರನೆಯ ಬೆಳಿಗ್ಗೆ ರಿಪೇರಿಯವನು ಕುಂಕುಮ ಮೆತ್ತಿದ ಸ್ಕ್ರೂಡ್ರೈವರ್ ತಂದ. ನಮ್ಮನ್ನೆಲ್ಲ ಆಚೆ ಕಳಿಸಿ, ಬಿಚ್ಚಿ, ತೋಟಾ ತೆಗೆದ. ಒಳಗೆ ಒಂದು ಕಡೆ ಕಾರ್ಖಾನೆಯವರು ಕಬ್ಬಿಣವನ್ನು ಸರಿಯಾಗಿ ಅರದಿಂದ ಉಜ್ಜದೆ ಬಿಟ್ಟಿದ್ದರಂತೆ, ಅದೇ ಅಡ್ಡ ಸಿಕ್ಕಿತ್ತಂತೆ. ಸರಿಮಾಡಲು ಬಂದೂಕನ್ನು ಯಜಮಾನರ ಕೈಲಿ ಹೊರಿಸಿ ಅಂಗಡಿಗೆ ಕರೆದುಕೊಂಡು ಹೋದ. ಅವರು ಗೇಟು ದಾಟುವವರೆಗೂ ನೋಡಿದೆ. ಆಮೇಲೆ ಮಗಳನ್ನು ಕಂಕುಳಿಂದ ಇಳಿಸಿ, ಮೂಟೆ ಬಿಚ್ಚಿ, ಒಂದು ಮೊರ ರಾಗಿ ತೆಗೆದು ಮಿಲ್ಲಿಗೆ ಹೊರಟೆ.