ಪಕ್ಕದ ವಾರ್ಡಿನವಳು

ನಮ್ಮೂರ ನಗರಸಭೆಗೆ ನನ್ನ ಪಕ್ಕದ ವಾರ್ಡಿನಿಂದ ಗೆದ್ದು ಬಂದ ಆಕೆಯನ್ನು ನೆನೆದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ. ನಾನೂ ಆಗ ಸದಸ್ಯೆ. ಮಾತಿಗೆ ಏಳುವ ಮುಂಚೆ ಆಕೆ ಇಳಕಲ್ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸುತ್ತಿದ್ದಳು. ಯಾರಾದರೂ ದನಿ ಏರಿಸಿದರೆ, "ಬೈರಿ, ಆದ್ರ ಕುಂತ ಬೈರಿ" ಎನ್ನುತ್ತಿದ್ದಳು.

ಒಂದು ವರ್ಷ ಬಜೆಟ್ ಸಭೆಯಲ್ಲಿ ಮನೆ ತೆರಿಗೆ ಏರಿಸುವ ಪ್ರಸ್ತಾಪ ಬಂತು. ನಾನು ಅದನ್ನು ಜೋರಾಗಿ ವಿರೋಧಿಸಿದೆ, ಚಪ್ಪಾಳೆಯೂ ಬಿತ್ತು. ಆಮೇಲೆ ಆಕೆ ಎದ್ದಳು.

"ಅಕ್ಕಾರ ಮಾತು ಚಂದ ಐತ್ರಿ. ಆದ್ರ ತೆರಿಗಿ ಏರಸಲಿಲ್ಲಂದ್ರ ನೇಕಾರ ಓಣಿಗೆ ಈ ವರ್ಷನೂ ಗಟಾರ ಆಗೂದಿಲ್ಲ. ಏರಸ್ರಿ. ನಮ್ಮ ಮಂದಿಗೆ ನಾ ಹೇಳ್ತೇನಿ."

ಸಭೆ ಆಕೆಯ ಕಡೆ ವಾಲಿತು, ತೆರಿಗೆ ಏರಿತು. ಇನ್ನು ಈಕೆಯ ಕಥೆ ಮುಗಿಯಿತೆಂದು ನಾನು ಒಳಗೊಳಗೇ ಹಿಗ್ಗಿದೆ.

ನೋಡಿಬರೋಣವೆಂದು ಮರುದಿನ ಬೆಳಿಗ್ಗೆ ಬೇಕಂತಲೇ ಆ ಓಣಿಗೆ ಹೋದೆ. ಆಕೆಯ ಮನೆಯ ಕಟ್ಟೆಯ ತುಂಬ ಮಂದಿ. ಒಬ್ಬ ಮುದುಕಿ ಆಕೆಯೇ ಕೊಟ್ಟ ಚಹಾ ಕುಡಿಯುತ್ತ, "ನಿನಗ ಓಟ್ ಹಾಕಿದ ಕೈ ಕಡೀಬೇಕು ನೋಡವ್ವಾ" ಎಂದು ಬೈಯುತ್ತಿದ್ದಳು. ಆಕೆ ನಗುತ್ತ ಇನ್ನಷ್ಟು ಚಹಾ ಬಗ್ಗಿಸಿದಳು.

ನನ್ನನ್ನು ಕಂಡು, "ನಮಸ್ಕಾರ್ರಿ ಮೇಡಮ್ಮಾರ" ಎಂದು ಎಲ್ಲರೂ ಮರ್ಯಾದೆಯಿಂದ ದಾರಿ ಬಿಟ್ಟರು. ಆಮೇಲೆ ಮತ್ತೆ ಆಕೆಯ ಕಡೆ ತಿರುಗಿ ಬೈಯತೊಡಗಿದರು. ನಾನು ಸದಸ್ಯೆಯಾಗಿದ್ದಷ್ಟು ಕಾಲವೂ ನನ್ನ ಮನೆಗೆ ಜಗಳಕ್ಕೆಂದು ಕೂಡ ಯಾರೂ ಬಂದಿರಲಿಲ್ಲ.